ಚೀಫ್ ಎಂಜಿನಿಯರ್ ಆದಮೇಲೆ ಮುಂದೇನು? ಕಟ್ಟಡ ನಿರ್ವಹಣೆಯವರ ಪ್ರಶ್ನೋತ್ತರ

ಪ್ರಶ್ನೆ: ದೊಡ್ಡ ಆಫೀಸ್ ಕಟ್ಟಡವೊಂದರಲ್ಲಿ ಅಸಿಸ್ಟೆಂಟ್ ಚೀಫ್ ಆಗಿದ್ದೇನೆ. ಚಿಲ್ಲರ್ (ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ), ಡಿಜಿ ಸೆಟ್ (ಡೀಸೆಲ್ ಜನರೇಟರ್), ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ), ಫೈರ್ ಪಂಪ್ ಎಲ್ಲ ನೋಡಿಕೊಳ್ಳುತ್ತೇನೆ. ಚೀಫ್ ಆದರೆ ಅಲ್ಲಿಗೆ ಮುಗೀತು, ಮೇಲೆ ದಾರಿಯಿಲ್ಲ ಅಂತಾರೆ. ನಿಜವಾ? ಯಾವ ಸರ್ಟಿಫಿಕೇಟ್ ಮಾಡಿಕೊಂಡರೆ ಒಳ್ಳೇದು?

ಉತ್ತರ (ಹಲವು ಕಟ್ಟಡಗಳ ಹೊಣೆ ಇರುವವರು): ಅರ್ಧ ನಿಜ. ಒಂದೇ ಕಟ್ಟಡದೊಳಗೆ ಚೀಫ್‌ಗಿಂತ ಮೇಲೆ ಇರೋದು ಫೆಸಿಲಿಟಿ ಮ್ಯಾನೇಜರ್ ಕುರ್ಚಿ ಒಂದೇ. ಅಲ್ಲಿ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಬಾಡಿಗೆದಾರರ ದೂರುಗಳಲ್ಲೇ ದಿನ ಕಳೆಯುತ್ತೆ. ಪ್ಲಾಂಟ್ ರೂಮ್ ಬಿಟ್ಟಿರಲಾರದವರಿಗೆ ಅದು ಬಡ್ತಿ ಅನ್ನಿಸೋದೇ ಇಲ್ಲ. ಕಟ್ಟಡದ ಹೊರಗೆ ನೋಡಿದರೆ ದಾರಿಗಳು ಬಹಳ: ರೀಜನಲ್ ಚೀಫ್, ಎನರ್ಜಿ ಮ್ಯಾನೇಜರ್, ಕಮಿಷನಿಂಗ್ (ಹೊಸ ಯಂತ್ರಗಳನ್ನು ಪರೀಕ್ಷಿಸಿ ಚಾಲೂ ಮಾಡೋದು), ಮಾಲೀಕರ ಪರವಾಗಿ ಪ್ರಾಜೆಕ್ಟ್ ನೋಡುವ ಕೆಲಸ, ಡೇಟಾ ಸೆಂಟರ್, ಆಸ್ಪತ್ರೆ.

ಸಿಕ್ಕಿಬೀಳುವವರು ಯಾರು ಗೊತ್ತಾ? ರಾತ್ರಿ ಎರಡಕ್ಕೆ ಕರೆದರೂ ಓಡಿಬಂದು ರಿಪೇರಿ ಮಾಡುವವರು. ಅವರಿಲ್ಲದೆ ಕಟ್ಟಡ ನಡೆಯೋದಿಲ್ಲ ಅಂತಾದರೆ ಅವರನ್ನು ಅಲ್ಲಿಂದ ಕದಲಿಸಲು ಯಾವ ಮಾಲೀಕರೂ ಒಪ್ಪೋದಿಲ್ಲ. ಹಾಗಾಗಿ ಮೊದಲು ವಾಲ್ವ್ ಚಾರ್ಟ್, ಸಿಂಗಲ್ ಲೈನ್ ಡಯಾಗ್ರಾಂ (ವಿದ್ಯುತ್ ಜೋಡಣೆಯ ನಕ್ಷೆ), ಪಿಪಿಎಂ (ಕೆಡುವ ಮೊದಲೇ ಮಾಡುವ ನಿಗದಿತ ನಿರ್ವಹಣೆ) ವೇಳಾಪಟ್ಟಿ ಎಲ್ಲ ಕಾಗದದ ಮೇಲೆ ಬರಲಿ. ಕೆಳಗಿನವರು ನಿಮ್ಮನ್ನು ಕೇಳದೆ ಶಿಫ್ಟ್ ನಡೆಸುವಂತಾಗಲಿ.

ಎರಡನೆಯದು, ಲಾಗ್‌ಶೀಟನ್ನು ಹಣದ ಭಾಷೆಗೆ ತರೋದು. ಚಿಲ್ಲರ್‌ನ ಕಂಡೆನ್ಸರ್ (ಗ್ಯಾಸ್‌ನ ಬಿಸಿಯನ್ನು ನೀರಿಗೆ ಬಿಡುವ ಭಾಗ) ಅಪ್ರೋಚ್ ತಗೊಳ್ಳಿ: ಗ್ಯಾಸ್ ಕಂಡೆನ್ಸ್ ಆಗುವ, ಅಂದರೆ ದ್ರವವಾಗುವ, ತಾಪಮಾನದಿಂದ ಹೊರಹೋಗುವ ನೀರಿನ ತಾಪಮಾನ ಕಳೆದರೆ ಸಿಗೋದು. ಒಳ್ಳೆಯ ವಾಟರ್ ಕೂಲ್ಡ್ ಚಿಲ್ಲರ್‌ನಲ್ಲಿ ಟ್ಯೂಬ್ ಸ್ವಚ್ಛವಿದ್ದರೆ ಫುಲ್ ಲೋಡ್ ಹತ್ತಿರ ಇದು 1–2 ಡಿಗ್ರಿ. 4–5 ಕಂಡರೆ ಟ್ಯೂಬ್‌ನಲ್ಲಿ ಸ್ಕೇಲ್ (ನೀರಿನ ಲವಣದ ಪದರ) ಕಟ್ಟಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಕಂಡೆನ್ಸಿಂಗ್ ತಾಪಮಾನ 1 ಡಿಗ್ರಿ ಏರಿದರೆ ಕಂಪ್ರೆಸರ್ ಸುಮಾರು 2–3% ಹೆಚ್ಚು ಕರೆಂಟ್ ತಿನ್ನುತ್ತೆ. 200 ಕಿಲೋವ್ಯಾಟ್ ಎಳೆಯುವ ಚಿಲ್ಲರ್ ವರ್ಷಕ್ಕೆ 4,000 ಗಂಟೆ ಓಡಿದರೆ 8 ಲಕ್ಷ ಯೂನಿಟ್. 3 ಡಿಗ್ರಿ ಹೆಚ್ಚಿದೆ ಅಂದರೆ ಹತ್ತಿರಹತ್ತಿರ 60,000 ಯೂನಿಟ್ ವ್ಯರ್ಥ. ಯೂನಿಟ್ ದರದಿಂದ ಗುಣಿಸಿ, ಪಕ್ಕದಲ್ಲಿ ಟ್ಯೂಬ್ ಕ್ಲೀನಿಂಗ್ ಖರ್ಚು ಬರೆದು ಒಂದೇ ಪುಟದಲ್ಲಿ ಕೊಡಿ. "ಚಿಲ್ಲರ್ ಸರಿಯಿಲ್ಲ ಸರ್" ಅಂತ ಹತ್ತು ಸಲ ಹೇಳೋದಕ್ಕಿಂತ ಆ ಪುಟಕ್ಕೆ ಬೆಲೆ ಹೆಚ್ಚು. ಇಂಟರ್‌ವ್ಯೂನಲ್ಲೂ ಕೇಳೋದು ಇಂಥದ್ದನ್ನೇ.

ಇದೇ ರೀತಿ ಐದು ವರ್ಷದ ಬದಲಾವಣೆ ಪಟ್ಟಿಯೂ ನಿಮ್ಮ ಹತ್ತಿರ ಇರಬೇಕು. ಯುಪಿಎಸ್‌ನ ಸೀಲ್ಡ್ ಬ್ಯಾಟರಿಗೆ ಕಂಪನಿ 10 ವರ್ಷ ಅಂದರೂ ಕೋಣೆ ಬಿಸಿಯಿದ್ದರೆ ಐದು ದಾಟೋದು ಕಷ್ಟ. ಸೆಂಟ್ರಿಫ್ಯೂಗಲ್ ಚಿಲ್ಲರ್ 20–25 ವರ್ಷ ಬರಬಹುದು. ಆದರೆ ಅದರ ಗ್ಯಾಸ್ ಸಿಗುತ್ತಾ ಅನ್ನೋದು ಬೇರೆ ಪ್ರಶ್ನೆ: 2016ರ ಕಿಗಾಲಿ ಒಪ್ಪಂದದಂತೆ ಆರ್-134ಎ, ಆರ್-410ಎ ಮುಂತಾದ ತಂಪುಗೊಳಿಸುವ ಗ್ಯಾಸ್‌ಗಳ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕು. ಇದನ್ನು ಮೊದಲೇ ಬರೆದಿಟ್ಟ ಚೀಫ್‌ಗೆ ಬಜೆಟ್ ಮೀಟಿಂಗ್‌ನಲ್ಲಿ ಕುರ್ಚಿ ಸಿಗುತ್ತೆ.

ಸರ್ಟಿಫಿಕೇಟ್ ವಿಷಯ: ದಾರಿ ಮೊದಲು, ಕಾಗದ ಆಮೇಲೆ. ಎನರ್ಜಿ ಕಡೆಗಾದರೆ ಸಿಇಎಂ (ಸರ್ಟಿಫೈಡ್ ಎನರ್ಜಿ ಮ್ಯಾನೇಜರ್), ಜೊತೆಗೆ ಇಂಧನ ನಿರ್ವಹಣೆಯ ಮಾನದಂಡವಾದ ಐಎಸ್‌ಒ 50001 ಓದಿಕೊಂಡಿರಿ. ಫೆಸಿಲಿಟಿ ಕಡೆಗಾದರೆ ಇಫ್ಮಾದ (ಫೆಸಿಲಿಟಿ ನಿರ್ವಹಣೆಯವರ ಅಂತರರಾಷ್ಟ್ರೀಯ ಸಂಘ) ಎಫ್‌ಎಂಪಿ (ಫೆಸಿಲಿಟಿ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್), ಅನುಭವ ಬಂದಮೇಲೆ ಸಿಎಫ್‌ಎಂ (ಸರ್ಟಿಫೈಡ್ ಫೆಸಿಲಿಟಿ ಮ್ಯಾನೇಜರ್). ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ, ದುಡ್ಡು ದಂಡ.

ಉತ್ತರ (ಡೇಟಾ ಸೆಂಟರ್ ಕಡೆಯವರು): ಮೇಲಿನ ಮಾತಿಗೆ ಒಂದು ತಕರಾರು. ನಮ್ಮಲ್ಲಿಗೆ ಬರುವ ಚೀಫ್‌ಗಳು ಯಂತ್ರ ಗೊತ್ತಿಲ್ಲದೆ ಸೋಲೋದಿಲ್ಲ, ಶಿಸ್ತಿನಲ್ಲಿ ಸೋಲುತ್ತಾರೆ. ಇಲ್ಲಿ ಬ್ರೇಕರ್ ಮುಟ್ಟುವ ಮುನ್ನ ಎಂಒಪಿ (ಕೆಲಸದ ಲಿಖಿತ ವಿಧಾನ) ಬೇಕು. ಯಾವ ಹೆಜ್ಜೆ, ಯಾರು ಓದುತ್ತಾರೆ, ಯಾರು ಮಾಡುತ್ತಾರೆ, ಎಡವಟ್ಟಾದರೆ ಹಿಂದಕ್ಕೆ ಬರೋದು ಹೇಗೆ, ಎಲ್ಲ ಬರವಣಿಗೆಯಲ್ಲಿರಬೇಕು. "ನನಗೆ ಗೊತ್ತು ಬಿಡಿ" ಅನ್ನುವವರಿಗೆ ಜಾಗವಿಲ್ಲ. ಬರೋ ಆಸೆಯಿದ್ದರೆ ನಿಮ್ಮ ಈಗಿನ ಕಟ್ಟಡದಲ್ಲೇ ಶುರುಮಾಡಿ: ಡಿಜಿ ಲೋಡ್ ಟೆಸ್ಟ್‌ಗೆ ಒಂದು ಎಂಒಪಿ ಬರೆಯಿರಿ. ಡಿಜಿಯನ್ನು ವಾರಾವಾರ ಖಾಲಿ ಓಡಿಸಿ ಸಹಿ ಹಾಕುವ ರೂಢಿ ಇದ್ದರೆ ಅದನ್ನೂ ಸರಿಮಾಡಿ. ತಿಂಗಳಿಗೊಮ್ಮೆ ಕನಿಷ್ಠ 30% ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸದಿದ್ದರೆ ಸುಡದ ಡೀಸೆಲ್ ಎಕ್ಸಾಸ್ಟ್‌ನಲ್ಲಿ ಕಟ್ಟಿಕೊಳ್ಳುತ್ತೆ, ಬೇಕಾದಾಗ ಎಂಜಿನ್ ಲೋಡ್ ಎಳೆಯಲ್ಲ.

ಉತ್ತರ (ಆಸ್ಪತ್ರೆ ನಿರ್ವಹಣೆ): ಆಸ್ಪತ್ರೆಗೆ ಬರೋದಾದರೆ ಗಾಳಿಯ ಒತ್ತಡ ಕಲಿತು ಬನ್ನಿ. ಆಪರೇಷನ್ ಥಿಯೇಟರ್ ಪಾಸಿಟಿವ್ (ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚು), ಗಾಳಿಯಲ್ಲಿ ಹರಡುವ ಸೋಂಕಿನ ಐಸೊಲೇಷನ್ ಕೋಣೆ ಕನಿಷ್ಠ 2.5 ಪ್ಯಾಸ್ಕಲ್ ನೆಗೆಟಿವ್ (ಹೊರಗಿನದಕ್ಕಿಂತ ಕಡಿಮೆ). ಬಿಸಿನೀರು ಟ್ಯಾಂಕ್‌ನಲ್ಲಿ 60 ಡಿಗ್ರಿ, ರಿಟರ್ನ್‌ನಲ್ಲಿ 50ಕ್ಕಿಂತ ಇಳಿದರೆ ಲೀಜಿಯೊನೆಲ್ಲ ಬ್ಯಾಕ್ಟೀರಿಯಾದ ಅಪಾಯ. ಕೆಲಸ ಭದ್ರ, ಒತ್ತಡ ಮಾತ್ರ ಎರಡು ಕಡೆಯೂ!

ಮರುಪ್ರಶ್ನೆ: ಧನ್ಯವಾದ ಸರ್. ಇನ್ನೆರಡು ಸಂಶಯ. ನಾನಿರೋದು ಗುತ್ತಿಗೆ ಕಂಪನಿಯ ಸಂಬಳದಲ್ಲಿ, ಇದು ಅಡ್ಡಿಯಾಗುತ್ತಾ? ಮತ್ತೆ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ಕಂಪ್ಯೂಟರ್‌ನಿಂದ ನಡೆಸುವ ವ್ಯವಸ್ಥೆ) ಎಲ್ಲ ತಾನೇ ನೋಡಿಕೊಂಡರೆ ಚೀಫ್ ಯಾಕೆ ಬೇಕು?

ಉತ್ತರ (ಮೊದಲಿನವರೇ): ಗುತ್ತಿಗೆ ಕಂಪನಿಯಲ್ಲಿ ಬೇಗ ಸೈಟ್ ಬದಲಾಗುತ್ತೆ, ಬಗೆಬಗೆಯ ಪ್ಲಾಂಟ್ ನೋಡಸಿಗುತ್ತೆ. ಆದರೆ ಕಾಂಟ್ರಾಕ್ಟ್ ಮುಗಿದ ದಿನ ನಿಮ್ಮ ಹುದ್ದೆಯೂ ಮುಗಿಯಬಹುದು. ನವೀಕರಣದ ತಾರೀಕು ತಿಳಿದುಕೊಂಡಿರಿ, ಅದಕ್ಕೆ ಆರು ತಿಂಗಳ ಮೊದಲೇ ಬೇರೆ ಸೈಟ್ ಬಗ್ಗೆ ಮಾತಾಡಿ. ಬಂಡವಾಳದ ನಿರ್ಧಾರ ಕಲಿಯಬೇಕೆಂದರೆ ಒಂದಲ್ಲ ಒಂದು ಹಂತದಲ್ಲಿ ಮಾಲೀಕರ ಕಡೆ ಸೇರೋದು ಲೇಸು.

ಬಿಎಂಎಸ್ ಬಗ್ಗೆ ಹೆದರಿಕೆ ಬೇಡ. ಪರದೆಯಲ್ಲಿ ವಾಲ್ವ್ 0% ಅಂತ ತೋರಿಸೋದು ಬಹಳ ಕಡೆ ಬರೀ ಆಜ್ಞೆ, ವಾಲ್ವ್ ನಿಜಕ್ಕೂ ಮುಚ್ಚಿದೆ ಅಂತಲ್ಲ. ಹೀಗೆ ಪರೀಕ್ಷಿಸಿ: ಎಎಚ್‌ಯು (ತಣ್ಣೀರಿನ ಕಾಯಿಲ್ ಮೇಲೆ ಗಾಳಿ ಹಾಯಿಸಿ ತಂಪು ಮಾಡುವ ಯಂತ್ರ) ಫ್ಯಾನ್ ಓಡುತ್ತಿರುವಾಗ ಚಿಲ್ಡ್ ವಾಟರ್ ವಾಲ್ವ್‌ಗೆ 0% ಕೊಟ್ಟು ಇಪ್ಪತ್ತು ನಿಮಿಷ ಬಿಡಿ. ಕಾಯಿಲ್‌ಗೆ ಮುಂಚೆ ಮತ್ತು ನಂತರದ ಗಾಳಿಯ ತಾಪಮಾನವನ್ನು ಕೈಯಲ್ಲಿರುವ ಥರ್ಮಾಮೀಟರ್‌ನಿಂದಲೇ ಅಳೆಯಿರಿ, ಸೆನ್ಸರ್ ನಂಬಬೇಡಿ. ನಂತರದ್ದು 2–3 ಡಿಗ್ರಿ ತಣ್ಣಗಿದ್ದರೆ ವಾಲ್ವ್ ಸೋರುತ್ತಿದೆ. ಆ ನೀರು ಕೆಲಸ ಮಾಡದೆ ವಾಪಸ್ ಹೋಗಿ ರಿಟರ್ನ್ ತಾಪಮಾನ ಇಳಿಸುತ್ತೆ, ಆಗ ಲೋಡ್ ಇಲ್ಲದಿದ್ದರೂ ಎರಡನೇ ಪಂಪ್, ಕೆಲವೊಮ್ಮೆ ಎರಡನೇ ಚಿಲ್ಲರ್ ಕೂಡ ಶುರುವಾಗುತ್ತೆ. ದಿನಕ್ಕೆ ಎರಡು ಎಎಚ್‌ಯು ನೋಡಿದರೂ ತಿಂಗಳೊಳಗೆ ನಿಮ್ಮ ಕಟ್ಟಡದ ಪಟ್ಟಿ ಸಿದ್ಧ. ಮೇಲೆ ಹೇಳಿದ ಒಂದು ಪುಟದ ಲೆಕ್ಕವನ್ನು ಇದರಿಂದಲೇ ಶುರುಮಾಡಬಹುದು.