ಡ್ರ್ಯಾಗನ್ ಫ್ಲ್ಯಾಗ್: ಕಾಲು ಇಳಿಸುವಾಗ ಬೆನ್ನು ಹಿಡಿದುಕೊಳ್ಳುತ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ:
ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ನೇರವಾಗಿ ಹಿಡಿಯುವುದು) ಎರಡು ನಿಮಿಷ ನಿಲ್ಲುತ್ತೇನೆ. ಬಾರ್‌ಗೆ ನೇತಾಡಿಕೊಂಡು ಕಾಲು ಎತ್ತುವುದು ಹತ್ತು ಸಲ ಆಗುತ್ತದೆ. ಬ್ರೂಸ್ ಲೀ ಮಾಡುತ್ತಿದ್ದ ಡ್ರ್ಯಾಗನ್ ಫ್ಲ್ಯಾಗ್, ಅಂದರೆ ಭುಜ ಮಾತ್ರ ಬೆಂಚ್‌ಗೆ ತಾಗಿಸಿ ಇಡೀ ಮೈಯನ್ನು ನೇರವಾಗಿ ಎತ್ತಿ ಇಳಿಸುವ ಕಸರತ್ತು, ಕಲಿಯಬೇಕು ಅಂತ ತುಂಬಾ ಆಸೆ. ಬೆಂಚ್ ಮೇಲೆ ಮಲಗಿ, ತಲೆ ಹಿಂದೆ ಅಂಚು ಹಿಡಿದು ಮೈ ಮೇಲೆತ್ತುತ್ತೇನೆ. ಅಲ್ಲಿವರೆಗೂ ಸರಿ. ಇಳಿಸುವಾಗ ಅರ್ಧಕ್ಕೆ ಬರುತ್ತಿದ್ದಂತೆ ಕಾಲು ಧಪ್ ಅಂತ ಬೀಳುತ್ತದೆ. ಮರುದಿನ ನೋಯುವುದು ಹೊಟ್ಟೆಯಲ್ಲ, ಕೆಳಬೆನ್ನು ಮತ್ತು ಕುತ್ತಿಗೆ. ಏನು ಮಾಡಲಿ?

ಉತ್ತರ 1:
ಮೊದಲು ಒಂದು ವಾರ ಇದನ್ನು ಬಿಡಿ. ನಾನು ನೋವಿದ್ದರೂ ಹಟ ಹಿಡಿದು ಮಾಡಿ, ಒಂದು ತಿಂಗಳು ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗದೆ ಒದ್ದಾಡಿದ್ದೆ. ನಿಮಗೆ ಹಾಗಾಗುವುದು ಬೇಡ.

ಮೈ ಕೆಳಗಿಳಿದಷ್ಟೂ ಭಾರ ಜಾಸ್ತಿ ಆಗುತ್ತದೆ. ಹೊಟ್ಟೆಯ ಸ್ನಾಯುಗಳು ತಡೆಯಲಾಗದೆ ಸಡಿಲವಾದ ಕ್ಷಣ ಬೆನ್ನು ಕಮಾನಿನ ಹಾಗೆ ಬಾಗಿ, ಆ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ನಿಮ್ಮ ನೋವಿಗೆ ಕಾರಣ ಇದೇ ಇರಬೇಕು.

ಒಂದು ಪರೀಕ್ಷೆ ಮಾಡಿ ನೋಡಿ. ನೆಲದ ಮೇಲೆ ಅಂಗಾತ ಮಲಗಿ. ಕಾಲು ಚಾಚಿ ಒಂದು ಗೇಣು ಎತ್ತಿ, ಭುಜಗಳನ್ನೂ ಸ್ವಲ್ಪ ಎತ್ತಿ. ಯಾರಾದರೂ ನಿಮ್ಮ ಕೆಳಬೆನ್ನು ಮತ್ತು ನೆಲದ ನಡುವೆ ಅಂಗೈ ತೂರಿಸಲು ನೋಡಲಿ. ಬೆರಳು ಒಳಗೆ ಹೋಯಿತು ಅಂದರೆ ಬೆನ್ನು ನೆಲ ಬಿಟ್ಟಿದೆ ಅಂತ ಅರ್ಥ. ಹೀಗೆ ಕಾಲು, ಭುಜ ಎತ್ತಿ ನಿಲ್ಲುವುದಕ್ಕೆ ಹಾಲೋ ಹೋಲ್ಡ್ ಅನ್ನುತ್ತಾರೆ. ಬೆನ್ನು ನೆಲಕ್ಕೆ ಅಂಟಿಕೊಂಡೇ 30 ಸೆಕೆಂಡ್ ನಿಲ್ಲಲು ಬಂದ ಮೇಲೆ ಬೆಂಚ್ ಹತ್ತಿರ ಹೋಗಿ. ಪ್ಲ್ಯಾಂಕ್ ಎಷ್ಟು ನಿಮಿಷ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಆಮೇಲೆ ಬೆಂಚ್ ಮೇಲೆ, ಎರಡೂ ಮಂಡಿ ಎದೆಯ ಕಡೆ ಮಡಚಿಕೊಂಡೇ ಮೈ ಇಳಿಸಿ. ಅದು ಹಿಡಿತಕ್ಕೆ ಬಂದ ಮೇಲೆ ಒಂದು ಕಾಲು ಚಾಚಿ. ಎರಡನ್ನೂ ಚಾಚುವುದು ಕೊನೆಗೆ. ಇಳಿಯಲು 4–5 ಸೆಕೆಂಡ್ ತಗೊಳ್ಳಿ. ಪೃಷ್ಠ ಬಿಗಿಯಾಗಿರಲಿ, ಉಸಿರು ನಿಧಾನವಾಗಿ ಬಿಡುತ್ತಿರಿ. ಬೆನ್ನು ಬಾಗಲು ಶುರುವಾಯಿತೋ, ಮಂಡಿ ಎದೆಗೆ ಎಳೆದುಕೊಂಡು ಅಲ್ಲೇ ಮುಗಿಸಿ. 3–4 ಸಲದಂತೆ ಮೂರು ಸೆಟ್, ವಾರಕ್ಕೆ ಎರಡು ದಿನ ಸಾಕು.

ಉತ್ತರ 2:
ಕುತ್ತಿಗೆ ನೋವಿನ ಬಗ್ಗೆ ಒಂದು ಮಾತು. ಮೇಲೆ ಹೋದಾಗ ಮೈಭಾರ ಭುಜದ ಹಲಗೆಗಳ ಮೇಲೆ ನಿಲ್ಲಬೇಕು, ಕುತ್ತಿಗೆ ಮೇಲೆ ಅಲ್ಲ. ಕಾಲು ತಲೆಯ ಕಡೆ ವಾಲುತ್ತಿದ್ದರೆ ಅತಿಯಾಗಿ ಎತ್ತುತ್ತಿದ್ದೀರಿ. ಮೊಣಕೈ ಅಗಲಿಸದೆ ಕಿವಿಯ ಪಕ್ಕವೇ ಇಟ್ಟುಕೊಂಡು ಅಂಚನ್ನು ಗಟ್ಟಿಯಾಗಿ ಎಳೆಯಿರಿ, ಆಗ ಬೆನ್ನಿನ ಪಕ್ಕದ ಸ್ನಾಯುಗಳೂ ಕೆಲಸಕ್ಕೆ ಬರುತ್ತವೆ. ಬೆಂಚ್ ಅಲುಗಾಡುವಂಥದ್ದಾದರೆ ಬೇಡವೇ ಬೇಡ. ಮತ್ತೆ, ನೋವು ಕಾಲಿಗೆ ಇಳಿದರೆ ಅಥವಾ ಜೋಮು ಹಿಡಿದರೆ ಡಾಕ್ಟರ್‌ಗೆ ತೋರಿಸಿ, ತಡ ಮಾಡಬೇಡಿ.

ಪ್ರಶ್ನೆ ಕೇಳಿದವರಿಂದ:
ಅಂಗೈ ಪರೀಕ್ಷೆ ಮಾಡಿದೆ. ಹನ್ನೊಂದನೇ ಸೆಕೆಂಡಿಗೇ ತಮ್ಮನ ಇಡೀ ಕೈ ಒಳಗೆ ಹೋಯಿತು! ಮೂರು ವಾರದಿಂದ ಬರೀ ಹಾಲೋ ಹೋಲ್ಡ್ ಮಾಡುತ್ತಿದ್ದೇನೆ, ಈಗ 26 ಸೆಕೆಂಡ್. ಬೆನ್ನು ನೋವು ಹೋಗಿದೆ. ಬೆಂಚ್ ಇನ್ನೂ ಮುಟ್ಟಿಲ್ಲ.

ಉತ್ತರ 1:
ತುಂಬಾ ಖುಷಿಯಾಯಿತು. ಬೆಂಚ್‌ಗೆ ಹೋದ ದಿನ ಪಕ್ಕದಿಂದ ವಿಡಿಯೋ ಮಾಡಿ ಹಾಕಿ, ಸೊಂಟ ಎಲ್ಲಿ ಬಾಗುತ್ತದೆ ಅಂತ ಒಟ್ಟಿಗೆ ನೋಡೋಣ.