ಸಹಾಯ ಬೇಕು: ಜೆಂಟಾಮೈಸಿನ್ ಝೋನ್ ಚಿಕ್ಕದಾಗಿ ಬರುತ್ತಿದೆ
ಡಿಸ್ಕ್ ಡಿಫ್ಯೂಷನ್ (ಆ್ಯಂಟಿಬಯಾಟಿಕ್ ಡಿಸ್ಕ್ ಇಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಝೋನ್ ಅಳೆಯುವ ಪರೀಕ್ಷೆ) ಮಾಡುವ ಅನುಭವಿಗಳು ದಯವಿಟ್ಟು ನೋಡಿ.

ನಮ್ಮ ಲ್ಯಾಬಿನಲ್ಲಿ ಕಂಟ್ರೋಲ್‌ಗೆ (ಪರೀಕ್ಷೆ ಸರಿಯಿದೆಯೇ ಅಂತ ನೋಡಲು) ಇ. ಕೊಲೈ ಎಟಿಸಿಸಿ 25922 ಎಂಬ ಬ್ಯಾಕ್ಟೀರಿಯಾ ತಳಿ ಬಳಸುತ್ತೇವೆ. ಜೆಂಟಾಮೈಸಿನ್ 10 ಮೈಕ್ರೋಗ್ರಾಂ ಡಿಸ್ಕ್‌ಗೆ ಝೋನ್ 19ರಿಂದ 26 ಮಿ.ಮೀ. ಇರಬೇಕು, ಅಲ್ವಾ? ನಮಗೆ 17ರ ಆಸುಪಾಸಿನಲ್ಲೇ ನಿಲ್ಲುತ್ತಿದೆ. ಟೆಟ್ರಾಸೈಕ್ಲಿನ್ ಝೋನ್ ಮಾತ್ರ ಅದರ ಮೇಲಿನ ಮಿತಿಯಾದ 25 ದಾಟುತ್ತಿದೆ. ಉಳಿದ ಔಷಧಿಗಳು ಸರಿಯಾಗಿವೆ.

ಬ್ಯಾಕ್ಟೀರಿಯಾ ಬೆಳೆಸುವ ಮುಲ್ಲರ್ ಹಿಂಟನ್ ಅಗರ್ 4 ಮಿ.ಮೀ. ದಪ್ಪವಿದೆ. ಬ್ಯಾಕ್ಟೀರಿಯಾ ಸಸ್ಪೆನ್ಷನ್ ಎಷ್ಟು ದಟ್ಟ ಎಂಬ ಅಳತೆ 0.5 ಮ್ಯಾಕ್‌ಫರ್ಲ್ಯಾಂಡ್, 15 ನಿಮಿಷದೊಳಗೆ ಹಚ್ಚುತ್ತೇವೆ. 35 ಡಿಗ್ರಿ, ಸಾಮಾನ್ಯ ಇನ್‌ಕ್ಯುಬೇಟರ್, ಕಾರ್ಬನ್ ಡೈಆಕ್ಸೈಡ್ ಇಲ್ಲ. ಡಿಸ್ಕ್ ಹೊಸ ಪ್ಯಾಕಿನದು.

ಒಂದು ಕುಗ್ಗಿ ಇನ್ನೊಂದು ಹಿಗ್ಗುತ್ತಿರುವುದರಿಂದ ಅಗರ್‌ನ ಪಿಎಚ್ 7.2ಕ್ಕಿಂತ ಕೆಳಗಿದೆ ಅಂತ ನನ್ನ ಅನುಮಾನ. ಬ್ಯಾಕ್ಟೀರಿಯಾ ಜಾಸ್ತಿ ಹಚ್ಚಿದ್ದರೆ ಎರಡೂ ಕುಗ್ಗಬೇಕಿತ್ತು. ಆದರೆ ನಮ್ಮಲ್ಲಿ ಸರ್ಫೇಸ್ ಎಲೆಕ್ಟ್ರೋಡ್ (ಅಗರ್ ಮೇಲ್ಮೈಯಲ್ಲೇ ಪಿಎಚ್ ಅಳೆಯುವ ಸಾಧನ) ಇಲ್ಲ. ಗಟ್ಟಿಯಾದ ಅಗರ್‌ನ ಪಿಎಚ್ ನಂಬುವಂತೆ ಅಳೆಯುವುದು ಹೇಗೆ? ಪುಡಿ ಮಾಡಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ ಅಳೆದರೆ ಸಾಕೇ? ಆಟೋಕ್ಲೇವ್‌ನಲ್ಲಿ ಹೆಚ್ಚು ಹೊತ್ತು ಬಿಸಿಯಾದರೂ ಪಿಎಚ್ ಇಷ್ಟು ಇಳಿಯುತ್ತದೆಯೇ?

ಕಂಟ್ರೋಲ್ ಸರಿಹೋಗುವವರೆಗೆ ರೋಗಿಗಳ ಜೆಂಟಾಮೈಸಿನ್ ವರದಿ ತಡೆಹಿಡಿದಿದ್ದೇವೆ. ಕೆಲಸ ಮಾಡುವ ಔಷಧಿಯನ್ನು ಸುಮ್ನೆ ರೆಸಿಸ್ಟೆಂಟ್ ಅಂತ ಬರೆದುಕೊಡಲು ಮನಸ್ಸು ಒಪ್ಪುವುದಿಲ್ಲ. ಬೇಗ ಉತ್ತರಿಸಿದರೆ ತುಂಬಾ ಉಪಕಾರ.