ಪದಚರ್ಚೆ: ಬಿಸ್ಕೋಟಿಯನ್ನು ಸುಡುವುದೋ, ಬೇಯಿಸುವುದೋ, ಒಣಗಿಸುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಅಡುಗೆಮನೆಯ ಕ್ರಿಯಾಪದಗಳ ಬಗ್ಗೆ ಒಂದು ಪ್ರಶ್ನೆಯಿದೆ. ನಮ್ಮ ಬಡಾವಣೆಯ ಹೆಂಗಸರು ಸೇರಿ ಹಬ್ಬದ ತಿಂಡಿಗಳ ಪುಟ್ಟ ಪುಸ್ತಕವೊಂದನ್ನು ತರುತ್ತಿದ್ದಾರೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿಗಳ ಸಾಲಿನಲ್ಲಿ ನನ್ನ ನಾದಿನಿ ಬರೆದುಕೊಟ್ಟ ಮಸಾಲೆ ಬಿಸ್ಕೋಟಿಯೂ (ಇಟಲಿ ಮೂಲದ ಗಟ್ಟಿ ಬಿಸ್ಕತ್ತು) ಇದೆ. ಅದರ ಮುಖ್ಯ ಭಾಗ ಇಷ್ಟು: ‘ಹಿಟ್ಟನ್ನು ಉದ್ದಕ್ಕೆ ರೋಲ್ ಮಾಡಿ, 175 ಡಿಗ್ರಿಯಲ್ಲಿ ಬೇಕ್ ಮಾಡಿ. ಕೂಲ್ ಮಾಡಿ, ಸ್ಲೈಸ್ ಮಾಡಿ, ಮತ್ತೆ ಬೇಕ್ ಮಾಡಿ.’ ಇದರಲ್ಲಿ ಕನ್ನಡಕ್ಕೆ ದಕ್ಕಿದ್ದು ಬಹುಪಾಲು ‘ಮಾಡಿ’ ಒಂದೇ.

ನಾನು ಭಾಷೆಯ ವಿಷಯದಲ್ಲಿ ಮಡಿವಂತಳಲ್ಲ. ಓವನ್, ಟ್ರೇ, ಬೇಕಿಂಗ್ ಪೌಡರ್ ಇದ್ದಂತೆಯೇ ಇರಲಿ. ‘ಬೇಕ್ ಮಾಡಿ’ ಕೂಡ ಒಂದೇ ಸಲ ಬಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ಕರಡು ಓದಿದ ನಮ್ಮ ದೊಡ್ಡಮ್ಮ ಕೇಳಿದರು: ‘ಒಂದು ಸಲ ಬೆಂದದ್ದನ್ನು ಮತ್ತೆ ಯಾಕಮ್ಮ ಬೇಯಿಸುವುದು? ಮೊದಲನೆಯ ಸಲ ಒಳಗೆ ಹಸಿ ಉಳಿದಿತ್ತೇ?’ ಪ್ರಶ್ನೆ ಸರಿಯಾಗಿಯೇ ಇದೆ. ಎರಡು ಬೇರೆ ಕೆಲಸಗಳಿಗೆ ಒಂದೇ ಕ್ರಿಯಾಪದ ಹಾಕಿದ್ದರಿಂದ ಹುಟ್ಟಿದ ಗೊಂದಲ ಅದು.

ಕೆಲಸಗಳು ಹೇಗೆ ಬೇರೆ ಎಂದು ಮೊದಲು ಹೇಳಿಬಿಡುತ್ತೇನೆ. ನಾದಿನಿಯ ಅಳತೆಯಲ್ಲಿ 250 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, 2 ಮೊಟ್ಟೆ, 100 ಗ್ರಾಂ ಸಿಪ್ಪೆ ತೆಗೆಯದ ಬಾದಾಮಿ, ಒಂದು ಚಮಚ ಬೇಕಿಂಗ್ ಪೌಡರ್, ಜೊತೆಗೆ ಚಕ್ಕೆ, ಏಲಕ್ಕಿ, ಒಣಶುಂಠಿ, ಜಾಯಿಕಾಯಿಗಳ ಪುಡಿ ಮತ್ತು ಸ್ವಲ್ಪ ಸೋಂಪು. ಬೆಣ್ಣೆಯಿಲ್ಲ, ಎಣ್ಣೆಯಿಲ್ಲ. ಕಲಸಿದ ಹಿಟ್ಟನ್ನು ಎರಡು ಉದ್ದನೆಯ ಉರುಳೆ ಮಾಡಿ, ಮೇಲಿನಿಂದ ಸ್ವಲ್ಪ ಅದುಮಿ, 25ರಿಂದ 30 ನಿಮಿಷ ಓವನ್ನಿನಲ್ಲಿಟ್ಟರೆ ಹಿಟ್ಟಿನ ಹಸಿವಾಸನೆ ಹೋಗುತ್ತದೆ, ಉಬ್ಬುತ್ತದೆ, ಮೇಲೆ ತೆಳುವಾದ ಹೊಂಬಣ್ಣ ಬರುತ್ತದೆ. ಒಳಗಿನ ತೇವ ಮಾತ್ರ ಹಾಗೇ ಇರುತ್ತದೆ. ಈ ಹಂತದಲ್ಲಿ ತಿಂದರೆ ಗಟ್ಟಿ ಕೇಕು. ಆಮೇಲೆ ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಓರೆಯಾಗಿ ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳು ಮಾಡಿ, 150 ಡಿಗ್ರಿಗೆ ಇಳಿಸಿದ ಓವನ್ನಿನಲ್ಲಿ ಒಂದೊಂದು ಮಗ್ಗುಲಿಗೆ ಎಂಟು ಹತ್ತು ನಿಮಿಷ ಇಡಬೇಕು. ಇಲ್ಲಿ ಬೇಯುವುದಕ್ಕೆ ಏನೂ ಉಳಿದಿಲ್ಲ. ಹೋಗಬೇಕಾದದ್ದು ನೀರಿನ ಅಂಶ ಮಾತ್ರ. ಶಾಖ ಇಳಿಸುವುದೂ ಅದಕ್ಕೇ: ಹೆಚ್ಚಿದ್ದರೆ ನಡುಭಾಗ ಒಣಗುವ ಮೊದಲೇ ಅಂಚು ಕಪ್ಪಾಗುತ್ತದೆ.

ಎರಡು ಸಲ ಎಂಬುದು ಆ ಹೆಸರಿನಲ್ಲೇ ಇದೆ. ಮಧ್ಯಯುಗದ ಲ್ಯಾಟಿನ್ನಿನ ‘ಬಿಸ್‌ಕೊಕ್ತುಸ್’ ಎಂದರೆ ಎರಡು ಬಾರಿ ಬೆಂದದ್ದು. ಇಟಾಲಿಯನ್ನಿನಲ್ಲಿ ಅದು ಬಿಸ್ಕೊತ್ತೊ, ಬಹುವಚನದಲ್ಲಿ ಬಿಸ್ಕೊತ್ತಿ. ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಹೋಗಿ ನಮ್ಮಲ್ಲಿಗೆ ಬಂದದ್ದು ಬಿಸ್ಕತ್ತು. ಅಂದರೆ ಬಿಸ್ಕತ್ತು, ಬಿಸ್ಕೋಟಿ ಎರಡೂ ಒಂದೇ ಪದ. ಆದರೆ ಇವತ್ತಿನ ಬಿಸ್ಕತ್ತು ಬೇಯುವುದು ಒಂದೇ ಸಲ. ಇಟಲಿಯಲ್ಲಂತೂ ಎಲ್ಲ ಬಗೆಯ ಬಿಸ್ಕತ್ತಿಗೂ ಬಿಸ್ಕೊತ್ತಿ ಎಂದೇ ಹೆಸರು. ನಾವು ಬಿಸ್ಕೋಟಿ ಎನ್ನುವ ಬಾದಾಮಿಯ ಓರೆ ಹೋಳುಗಳನ್ನು ತೋಸ್ಕಾನಾ ಪ್ರಾಂತ್ಯದಲ್ಲಿ ಕಂತುಚ್ಚಿ ಎನ್ನುತ್ತಾರೆ. ಅಲ್ಲಿನ ಪ್ರಾತೊ ಊರಿನಲ್ಲಿ ಅಂತೋನಿಯೊ ಮತ್ತೇಯಿ 1858ರಲ್ಲಿ ತೆರೆದ ಅಂಗಡಿಯಿಂದ ಇದಕ್ಕೆ ದೊಡ್ಡ ಹೆಸರು ಬಂತು. ವಿನ್ ಸಾಂತೊ ಎಂಬ ಸಿಹಿ ವೈನಿನಲ್ಲಿ ಅದ್ದಿ ತಿನ್ನುವುದು ಅವರ ಪದ್ಧತಿ. ನಮ್ಮ ಮನೆಯಲ್ಲಿ ಆ ಜಾಗಕ್ಕೆ ಫಿಲ್ಟರ್ ಕಾಫಿ ಬಂದಿದೆ. ಇನ್ನೊಂದು ತಮಾಷೆ: ಇಂಗ್ಲಿಷಿನವರ ಉಚ್ಚಾರಣೆಗಿಂತ ನಮ್ಮ ‘ಬಿಸ್ಕತ್ತು’ ಇಟಲಿಯವರ ಒತ್ತಕ್ಷರಕ್ಕೆ ಹೆಚ್ಚು ಹತ್ತಿರ.

ಸಂಸ್ಕೃತದಿಂದ ಪದ ಕಟ್ಟುವವರಿಗೆ ಇಲ್ಲಿ ದೊಡ್ಡ ಆಸೆಯೇ ಹುಟ್ಟಬಹುದು. ಲ್ಯಾಟಿನ್ನಿನ ‘ಬಿಸ್’ ಸಂಸ್ಕೃತದ ‘ದ್ವಿಃ’ ಜೊತೆಗೆ ಹುಟ್ಟಿದ್ದು, ‘ಕೊಕ್ತುಸ್’ನ ಧಾತು ‘ಪಕ್ವ’ದ ಧಾತುವಿನ ದಾಯಾದಿ. ಹಾಗಾಗಿ ‘ದ್ವಿಪಕ್ವ’ ಎಂದರೆ ಅನುವಾದವಷ್ಟೇ ಅಲ್ಲ, ರಕ್ತಸಂಬಂಧವೂ ಹೌದು. ಆದರೆ ‘ಕಾಫಿಗೆ ಎರಡು ದ್ವಿಪಕ್ವ ಕೊಡಲೇ?’ ಎಂದು ಯಾರಾದರೂ ಕೇಳಿದರೆ ನಾನು ಎದ್ದು ಮನೆಗೆ ಹೋಗುತ್ತೇನೆ. ತಿಂಡಿಯ ಹೆಸರು ಬಿಸ್ಕೋಟಿಯೇ ಇರಲಿ. ನನ್ನ ಪ್ರಶ್ನೆ ಹೆಸರಿನದಲ್ಲ, ಕ್ರಿಯಾಪದದ್ದು.

ಮೊದಲನೆಯ ಹಂತಕ್ಕೆ ನನ್ನ ಮನಸ್ಸು ‘ಸುಡು’ ಕಡೆಗೆ ವಾಲುತ್ತದೆ. ನಿಘಂಟುಗಳಲ್ಲಿ ಈ ಧಾತುವಿಗೆ ಉರಿಸುವ ಅರ್ಥದ ಜೊತೆಗೇ ಒಣ ಶಾಖದಲ್ಲಿ ಬೇಯಿಸುವ ಅರ್ಥವೂ ಇದೆ. ಬಳಕೆಯಲ್ಲೂ ಇದೆ: ಹಪ್ಪಳ ಸುಡುತ್ತೇವೆ, ಗೆಣಸು ಸುಡುತ್ತೇವೆ, ಗೊಜ್ಜಿಗೆ ಬದನೆಕಾಯಿ ಸುಡುತ್ತೇವೆ. ಸುಟ್ಟ ಹಪ್ಪಳ ಬೇಕೋ ಕರಿದ ಹಪ್ಪಳ ಬೇಕೋ ಎಂದು ಕೇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಮಲೆನಾಡಿನ ಕಡೆ, ಉತ್ತರ ಕರ್ನಾಟಕದ ಕಡೆ ರೊಟ್ಟಿ ಸುಡುವ ಮಾತನ್ನು ಕೇಳಿದ್ದೇನೆ. ತಮಿಳಿನವರು, ಮಲಯಾಳಿಗಳು ಇದೇ ಧಾತುವಿನಿಂದ ದೋಸೆಯನ್ನೂ ಅಪ್ಪವನ್ನೂ ಸುಡುತ್ತಾರೆ. ಅಷ್ಟೇಕೆ, ತಮಿಳಿನಲ್ಲಿ ಎಣ್ಣೆಯಲ್ಲಿ ಕರಿಯುವ ವಡೆಗೂ ಇದೇ ಪದ. ಕಾಗೆ ವಡೆ ಕದ್ದ ಮಕ್ಕಳ ಕಥೆಯಲ್ಲಿ ಅಜ್ಜಿ ವಡೆ ‘ಸುಡುತ್ತ’ ಕುಳಿತಿರುತ್ತಾಳೆ.

ಇದಕ್ಕಿಂತ ಗಟ್ಟಿಯಾದ ಆಧಾರ ಅಡುಗೆಮನೆಯ ಹೊರಗಿದೆ. ಮಡಕೆ ಸುಡುತ್ತೇವೆ, ಇಟ್ಟಿಗೆ ಸುಡುತ್ತೇವೆ. ನೀರು ಹಾಕಿ ಕಲಸಿದ ಮೆತ್ತನೆಯ ವಸ್ತುವನ್ನು ಗೂಡಿನಲ್ಲಿಟ್ಟು, ಒಣ ಶಾಖ ಕೊಟ್ಟು, ಮತ್ತೆ ಮೆತ್ತಗಾಗದ ಹಾಗೆ ಗಟ್ಟಿ ಮಾಡುವುದು. ಓವನ್ನಿನಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಅದೇ ಅಲ್ಲವೇ? ಇಟಾಲಿಯನ್ನಿನ ‘ತೆರ್ರಾಕೊತ್ತಾ’ ಎಂದರೆ ಬೆಂದ ಮಣ್ಣು. ಅಲ್ಲಿರುವ ‘ಕೊತ್ತಾ’ ಮತ್ತು ಬಿಸ್ಕೊತ್ತೊದ ‘ಕೊತ್ತೊ’ ಒಂದೇ ಪದದ ಎರಡು ಲಿಂಗರೂಪಗಳು. ಆ ತೆರ್ರಾಕೊತ್ತಾವನ್ನು, ಅಂದರೆ ನಮ್ಮ ಟೆರ್ರಾಕೋಟಾವನ್ನು, ಕನ್ನಡದ ಇತಿಹಾಸಕಾರರೂ ಪತ್ರಿಕೆಗಳೂ ಸುಟ್ಟ ಮಣ್ಣು, ಸುಡುಮಣ್ಣು, ಸುಡಾವೆ ಮಣ್ಣು ಎಂದು ಬಹಳ ಕಾಲದಿಂದ ಬರೆಯುತ್ತಿದ್ದಾರೆ. ಮಣ್ಣಿನ ವಿಷಯದಲ್ಲಿ ‘ಕೊತ್ತಾ’ ಎಂದರೆ ‘ಸುಡು’ ಎಂದು ಒಪ್ಪಿಕೊಂಡ ಮೇಲೆ ಮೈದಾಹಿಟ್ಟಿನ ವಿಷಯದಲ್ಲಿ ಹಿಂಜರಿಕೆ ಯಾಕೆ?

ಹಿಂಜರಿಕೆಗೆ ಕಾರಣ ಗೊತ್ತಿರುವುದೇ. ಬೆಂಗಳೂರು, ಮೈಸೂರಿನ ಕಡೆ ‘ಕೇಕ್ ಸುಟ್ಟೆ’ ಎಂದರೆ ಹಾಳು ಮಾಡಿದೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಜೊತೆಗೆ ಸುಡುಗಾಡಿನ ನೆನಪು, ‘ಅವನ ಮುಸುಡಿ ಸುಡ’ ಎಂಬ ಬೈಗುಳ. ಹಬ್ಬದ ತಿಂಡಿಯ ಪುಸ್ತಕದಲ್ಲಿ ಇದೆಲ್ಲ ಯಾಕೆ ಎಂದು ನಾದಿನಿಯ ವಾದ. ನನ್ನ ಉತ್ತರ ಇಷ್ಟೇ: ಹಾಳಾದದ್ದನ್ನು ಹೇಳಲು ನಮ್ಮಲ್ಲಿ ಪದಗಳಿಗೇನು ಬರವೇ? ಸೀದುಹೋಯಿತು, ಕರಕಲಾಯಿತು, ಕಮರಿತು, ಹೊತ್ತಿತು, ತಳ ಹಿಡಿಯಿತು. ಒಂದೊಂದಕ್ಕೂ ಬೇರೆ ವಾಸನೆಯಿದೆ. ತುಪ್ಪ ಕಮರುತ್ತದೆ, ಅನ್ನ ಸೀಯುತ್ತದೆ, ಪಾಯಸ ತಳ ಹಿಡಿಯುತ್ತದೆ. ಇಷ್ಟೆಲ್ಲ ಇರುವಾಗ ಒಳ್ಳೆಯ ಕೆಲಸಕ್ಕೆ ಬರುತ್ತಿದ್ದ ‘ಸುಡು’ವನ್ನೂ ಅದೇ ಸಾಲಿಗೆ ನೂಕಿ, ಖಾಲಿಯಾದ ಜಾಗಕ್ಕೆ ‘ಬೇಕ್ ಮಾಡು’ ತಂದು ಕೂರಿಸುವುದು ನನಗೆ ಹಿಡಿಸುವುದಿಲ್ಲ.

‘ಬೇಯಿಸು’ ಇನ್ನೊಂದು ದಾರಿ. ಚಪಾತಿ, ಹೋಳಿಗೆಗಳನ್ನು ಕಾವಲಿಯ ಮೇಲೆ ನೀರಿಲ್ಲದೆಯೇ ಬೇಯಿಸುತ್ತೇವೆ. ಧಾತುವಿನ ಮೂಲದಲ್ಲೂ ನೀರಿಲ್ಲ, ಬರೀ ಕಾವಿದೆ: ಬೇಗೆ, ಬೇಸಿಗೆ ಇದೇ ಕುಲದವು, ನೊಂದು ಬೆಂದ ಜೀವಕ್ಕೂ ಯಾರೂ ನೀರು ಹಾಕಿರುವುದಿಲ್ಲ. ಆದರೂ ‘ಹಿಟ್ಟಿನ ಉರುಳೆಯನ್ನು 30 ನಿಮಿಷ ಬೇಯಿಸಿ’ ಎಂದು ಓದಿದವರ ಕೈ ಇಡ್ಲಿ ಪಾತ್ರೆಯ ಕಡೆಗೆ ಹೋದರೆ ತಪ್ಪು ಅವರದಲ್ಲ. ‘ಓವನ್ನಿನಲ್ಲಿ’ ಎಂದು ಸೇರಿಸಿದರೆ ಗೊಂದಲ ತಪ್ಪುತ್ತದೆ, ನಿಜ. ಬಳಗ ‘ಸುಡು’ವನ್ನು ಒಪ್ಪದಿದ್ದರೆ ನಾನು ಹಿಂದೆ ಸರಿಯುವುದು ‘ಓವನ್ನಿನಲ್ಲಿ ಬೇಯಿಸಿ’ ಎಂಬಲ್ಲಿಗೆ.

ಎರಡನೆಯ ಹಂತಕ್ಕೆ ‘ಒಣಗಿಸು’ ಎಂದೇ ಬರೆಯಬೇಕು. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಈ ಕೆಲಸ ನಮಗೆ ಹೊಸದೂ ಅಲ್ಲ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯನ್ನು ನೋಡಿ. ಬಿಸಿ ರೊಟ್ಟಿಯಾಗಿ ಹಂಚಿನ ಮೇಲೆ ಬೆಂದದ್ದನ್ನು ಮತ್ತೆ ಒಣಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ, ಬುತ್ತಿ ಕಟ್ಟಿಕೊಂಡು ಎಷ್ಟು ದೂರ ಬೇಕಾದರೂ ಹೋಗಬಹುದು. ಯೂರೋಪಿನ ಹಡಗಿನವರು ಗಟ್ಟಿ ಬಿಸ್ಕತ್ತು ತುಂಬಿಕೊಂಡು ಹೊರಡುತ್ತಿದ್ದದ್ದೂ ಇದೇ ಕಾರಣಕ್ಕೆ. ನೀರಿಲ್ಲದ ಕಡೆ ಬೂಷ್ಟು ಬೆಳೆಯುವುದಿಲ್ಲ. ನಮ್ಮ ಬೇಕರಿಯ ರಸ್ಕ್ ಸಹ ಹೀಗೆಯೇ: ಬ್ರೆಡ್ ಮಾಡಿ, ಹೋಳು ಮಾಡಿ, ಮತ್ತೆ ಭಟ್ಟಿಗೆ. ‘ಒಣಗಿಸಿ’ ಎಂದರೆ ಬಿಸಿಲಿಗೆ ಇಡುತ್ತಾರೇನೋ ಎಂಬ ಆಕ್ಷೇಪ ಬರಬಹುದು. ‘ಓವನ್ನಿನಲ್ಲೇ, ಸಣ್ಣ ಶಾಖದಲ್ಲಿ’ ಎಂದು ಬರೆದರೆ ಸಾಕು. ದೊಡ್ಡಮ್ಮನಿಗೆ ‘ಮೊದಲು ಸುಟ್ಟು, ಆಮೇಲೆ ಒಣಗಿಸುವುದು’ ಎಂದು ಹೇಳಿದಾಗ ಮರುಪ್ರಶ್ನೆ ಬರಲಿಲ್ಲ.

ಇವೆರಡರ ನಡುವೆ ಒಂದು ಕಳ್ಳ ಪದವಿದೆ: ಆರಿಸು. ಬಿಸಿ ಹೋಗುವುದೂ ಆರುವುದೇ, ತೇವ ಹೋಗುವುದೂ ಆರುವುದೇ. ಕಾಫಿ ಆರುತ್ತದೆ, ಬಟ್ಟೆಯೂ ಆರುತ್ತದೆ. ದೀಪ ಆರಿಸುವುದು, ಅಕ್ಕಿ ಆರಿಸುವುದು ಬೇರೆಯೇ ಕಥೆ. ನಾದಿನಿಯ ‘ಕೂಲ್ ಮಾಡಿ’ಗೆ ನಾನು ‘ಆರಿಸಿ’ ಎಂದು ಬರೆದರೆ ಓದುವವರು ಉರುಳೆಯನ್ನು ಪೂರ್ತಿ ತಣ್ಣಗಾಗಲು ಬಿಡುತ್ತಾರೆ. ಆಗ ಚಾಕು ತಾಗಿದರೆ ಬಾದಾಮಿಯ ಬಳಿ ಸೀಳಿ ಒಡೆಯುತ್ತದೆ. ತೀರಾ ಬಿಸಿಯಿದ್ದಾಗ ಕೊಯ್ದರೆ ಪುಡಿಪುಡಿ. ಬೇಕಾದದ್ದು ಹತ್ತು ಹದಿನೈದು ನಿಮಿಷದ ನಂತರದ ಹದ. ಅದಕ್ಕೆ ‘ಕೈ ತಾಳುವಷ್ಟು ಬಿಸಿಯಿರುವಾಗ, ಒತ್ತದೆ, ಗರಗಸ ಎಳೆದ ಹಾಗೆ ಕೊಯ್ಯಿರಿ’ ಎಂದು ತಿದ್ದಿದ್ದೇನೆ. ಆದರೆ ಕೊನೆಯಲ್ಲಿ ‘ಚೆನ್ನಾಗಿ ಆರಿದ ಮೇಲೆ ಡಬ್ಬಿಗೆ ತುಂಬಿ’ ಎಂಬಲ್ಲಿ ಇದೇ ಪದದ ಎರಡು ಅರ್ಥಗಳೂ ಒಟ್ಟಿಗೆ ಬೇಕು. ಓವನ್ನಿನಿಂದ ತೆಗೆದಾಗ ಹೋಳು ಇನ್ನೂ ಸ್ವಲ್ಪ ಮೆತ್ತಗೇ ಇರುತ್ತದೆ. ಬಿಸಿ ಹೋದ ಮೇಲೆಯೇ ಗಟ್ಟಿಯಾಗುವುದು. ಅಲ್ಲಿ ‘ಆರು’ವಿಗಿಂತ ಒಳ್ಳೆಯ ಪದ ನನಗೆ ಕಾಣದು.

ಶೀರ್ಷಿಕೆಯ ‘ಮಸಾಲೆ’ಯೂ ಕಾಡುತ್ತಿದೆ. ಬೇಕರಿಯ ಖಾರದ ಬಿಸ್ಕತ್ತು ತಿಂದು ಬೆಳೆದವರು ‘ಮಸಾಲೆ ಬಿಸ್ಕೋಟಿ’ ಎಂದರೆ ಹಸಿಮೆಣಸಿನಕಾಯಿ, ಕರಿಬೇವು ನಿರೀಕ್ಷಿಸುತ್ತಾರೆ. ಇದು ಸಿಹಿ. ಚಕ್ಕೆ, ಜಾಯಿಕಾಯಿ ಸಿಹಿಯೊಳಗೆ ಸೇರಿದಾಗ ಅದಕ್ಕೊಂದು ವಿಶೇಷಣ ಬೇಕು. ‘ಸಂಬಾರ ಬಿಸ್ಕೋಟಿ’ ಎಂದರೆ ಪದ ಸರಿ, ಆದರೆ ಓದುವವರ ಮೂಗಿಗೆ ಬೇಳೆ ಸಾಂಬಾರಿನ ಪರಿಮಳ ಬರುತ್ತದೆ. ‘ಚಕ್ಕೆ ಏಲಕ್ಕಿ ಬಿಸ್ಕೋಟಿ’ ಎಂದು ಮುಖ್ಯವಾದ ಎರಡು ಜಿನಸಿನ ಹೆಸರನ್ನೇ ಹಾಕುವುದು ಸದ್ಯದ ಉಪಾಯ. ಸೋಂಪಿನದೂ ಸಣ್ಣ ತೊಡಕು: ಇಟಲಿಯವರು ಹಾಕುವ ಅನೀಸ್ ಬೇರೆ ಗಿಡ, ನಮ್ಮ ಅಂಗಡಿಯ ಸೋಂಪು ಬೇರೆ ಗಿಡ, ಚಕ್ರಮೊಗ್ಗು ಮೂರನೆಯದು. ಮೂರರ ಘಮಕ್ಕೂ ಕಾರಣ ಅನೆಥೋಲ್ ಎಂಬ ಒಂದೇ ರಾಸಾಯನಿಕವಾದ್ದರಿಂದ ಅಡುಗೆಗೆ ನಷ್ಟವಿಲ್ಲ. ಸೋಂಪು ಎಂದೇ ಬಿಟ್ಟಿದ್ದೇನೆ.

ಬಹುವಚನದ ಬಗ್ಗೆ ತಕರಾರು ಬೇಡ. ಬಿಸ್ಕೋಟಿ ಆಗಲೇ ಬಹುವಚನ, ‘ಬಿಸ್ಕೋಟಿಗಳು’ ಎಂದರೆ ಎರಡು ಸಲ ಬಹುವಚನ ಎಂದು ಒಬ್ಬರು ಎಚ್ಚರಿಸಿದರು. ಎರಡು ಸಲ ಶಾಖ ಕೊಟ್ಟದ್ದಕ್ಕೆ ಎರಡು ಸಲ ಬಹುವಚನ, ಇರಲಿ ಬಿಡಿ. ನಾವು ಹೇಗೂ ‘ನಾಲ್ಕು ಬಿಸ್ಕೋಟಿ ಕೊಡು’ ಎನ್ನುವವರು.

ನಿಮ್ಮಿಂದ ಮುಖ್ಯವಾಗಿ ತಿಳಿಯಬೇಕಾದದ್ದು ಇದು. ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ, ರೊಟ್ಟಿಯನ್ನೋ ದೋಸೆಯನ್ನೋ ‘ಸುಡುವ’ ಬಳಕೆ ಈಗಲೂ ಇದೆಯೇ? ಇದ್ದರೆ ಜಿಲ್ಲೆ ತಿಳಿಸಿ; ಹಾಳು ಮಾಡಿದ ಅರ್ಥ ಅಲ್ಲಿ ಎಷ್ಟು ಬಲವಾಗಿದೆ ಎಂಬುದನ್ನೂ ಹೇಳಿ. ಹಿಟ್ಟಿನ ಉದ್ದನೆಯ ಮುದ್ದೆಗೆ ನಾನು ‘ಉರುಳೆ’ ಎಂದು ಬರೆದಿದ್ದೇನೆ; ‘ದಿಮ್ಮಿ’ ಮರದ್ದಾಯಿತು, ‘ಲೋಡು’ ಒರಗಿ ಕೂರುವುದಾಯಿತು. ಇದಕ್ಕಿಂತ ವಾಸಿಯಾದದ್ದು ನಿಮ್ಮ ಬಾಯಲ್ಲಿದ್ದರೆ ಕೊಡಿ. ಇನ್ನು ರಸ್ಕ್ ಮಾಡುವ ಬೇಕರಿಯ ಕೆಲಸಗಾರರು ಹೋಳುಗಳನ್ನು ಎರಡನೆಯ ಸಲ ಭಟ್ಟಿಗೆ ಹಾಕುವುದಕ್ಕೆ ತಮ್ಮತಮ್ಮಲ್ಲಿ ಏನೋ ಒಂದು ಮಾತು ಇಟ್ಟುಕೊಂಡೇ ಇರುತ್ತಾರೆ. ನಿಮಗೆ ಅಂಥವರ ಪರಿಚಯವಿದ್ದರೆ ಕೇಳಿ ಬರೆಯಿರಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕಳುಹಿಸಿ, ದಯವಿಟ್ಟು ತಿದ್ದಬೇಡಿ.